ಥಾಯ್ಲೆಂಡಿನ ಸಂಗಾತಿಯನ್ನು ಅಮೆರಿಕಕ್ಕೆ ಕರೆತರಲು ಕೆ-1 ಒಳ್ಳೆಯದಾ, ಅಲ್ಲೇ ಮದುವೆಯಾಗುವುದು ಒಳ್ಳೆಯದಾ?

ನಿಮ್ಮ ಪ್ರಶ್ನೆ ಇಷ್ಟು: ನೀವು ಮೈಸೂರು ಕಡೆಯವರು, ಈಗ ಅಮೆರಿಕದ ಸಿಟಿಜನ್, ಡಲ್ಲಾಸ್‌ನಲ್ಲಿ ಕೆಲಸ. ನಿಮ್ಮ ಸಂಗಾತಿ ಚಿಯಾಂಗ್ ಮೈಯವರು. ಅವರಿಗೆ ಡೈವೋರ್ಸ್ ಆಗಿ ಕೆಲವೇ ತಿಂಗಳಾಗಿದೆ, ಜೊತೆಗೆ 17 ವರ್ಷದ ಮಗಳಿದ್ದಾಳೆ. ಮದುವೆ ನಿಶ್ಚಯವಾದವರಿಗೆ ಕೊಡುವ ಕೆ-1 ವೀಸಾದಲ್ಲಿ ಕರೆತರಬೇಕಾ, ಇಲ್ಲ ಅಲ್ಲೇ ಮದುವೆಯಾಗಿ, ಗಂಡ ಹೆಂಡತಿಗೆ ಅಂತ ಇರುವ ಸಿಆರ್-1 ವೀಸಾಗೆ ಹಾಕಬೇಕಾ? ಮುಂದಿನ ತಿಂಗಳು ಹೋಗಿ ಮದುವೆ ರಿಜಿಸ್ಟರ್ ಮಾಡಿಸಿಬಿಡೋಣ ಅಂತಲೂ ಬರೆದಿದ್ದೀರಿ.

ಆ ರಿಜಿಸ್ಟರ್ ಕೆಲಸವನ್ನು ಸ್ವಲ್ಪ ತಡೆಯಿರಿ. ಕೆ-1 ಇರುವುದು ಇನ್ನೂ ಮದುವೆಯಾಗದವರಿಗೆ. ಅಲ್ಲಿನ ಅಂಫೋದಲ್ಲಿ, ಅಂದರೆ ನಮ್ಮ ತಾಲ್ಲೂಕು ಕಚೇರಿಯಂಥ ಕಡೆ, ಸಹಿ ಹಾಕಿದ ದಿನವೇ ನಿಮಗೆ ಕೆ-1 ದಾರಿ ಮುಚ್ಚಿತು. ಮದುವೆಯಾದವರಿಗೆ ಕೆ-3 ಅಂತ ಒಂದಿದೆ, ಆದರೆ ಅದು ಹೆಸರಿಗೆ ಮಾತ್ರ. ಈಗ ನಿಮ್ಮ ಕೈಯಲ್ಲಿ ಎರಡೂ ದಾರಿ ಇವೆ. ಯಾವುದು ಅಂತ ತೀರ್ಮಾನ ಮಾಡಿ ಆಮೇಲೆ ಸಹಿ ಹಾಕಿ.

ನನ್ನ ಹೆಂಡತಿ ಥಾಯ್ಲೆಂಡಿನ ಖೋನ್ ಕೇನ್ ಕಡೆಯವಳು. ನಾವು ಅಲ್ಲೇ ಮದುವೆಯಾಗಿ ಸಿಆರ್-1 ದಾರಿ ಹಿಡಿದೆವು. ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದೆ, ಯಾಕೆಂದರೆ ಅದರಲ್ಲಿ ಕಾಯುವ ಕಷ್ಟವೆಲ್ಲ ಮೊದಲೇ ಮುಗಿಯುತ್ತದೆ. ನೀವು ಐ-130 ಅನ್ನುವ ಸಂಬಂಧಿಕರ ಅರ್ಜಿ ಹಾಕುತ್ತೀರಿ, ಅದು ಪಾಸಾಗಿ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ, ಕೊನೆಗೆ ಬ್ಯಾಂಕಾಕ್‌ನ ದೂತಾವಾಸದಲ್ಲಿ ಇಂಟರ್‌ವ್ಯೂ. ವೀಸಾ ಸಿಕ್ಕಿ ಇಲ್ಲಿ ಇಳಿದ ದಿನದಿಂದಲೇ ಅವರು ಗ್ರೀನ್ ಕಾರ್ಡ್‌ದಾರರು. ಕೆಲಸ ಮಾಡಬಹುದು, ಅಮ್ಮನಿಗೆ ಹುಷಾರಿಲ್ಲ ಅಂದರೆ ಮರುವಾರವೇ ವಿಮಾನ ಹತ್ತಬಹುದು. ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಸಿಗುವುದು ಎರಡು ವರ್ಷದ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಆ ಎರಡು ವರ್ಷದ ಮಿತಿ ತೆಗೆಸಲು ಐ-751 ಅರ್ಜಿ ಹಾಕಬೇಕು, ಅಷ್ಟೇ.

ಕೆ-1ನಲ್ಲಿ ಕಾಯುವ ಕಷ್ಟ ಇಲ್ಲಿಗೆ ಬಂದ ಮೇಲೆ ಶುರುವಾಗುತ್ತದೆ. ಬಂದ 90 ದಿನದೊಳಗೆ ಮದುವೆಯಾಗಬೇಕು. ಆಮೇಲೆ ಐ-485 ಹಾಕಿ ಗ್ರೀನ್ ಕಾರ್ಡ್‌ಗೆ ಕಾಯಬೇಕು. ವರ್ಕ್ ಪರ್ಮಿಟ್ ಬರುವವರೆಗೆ ಕೆಲಸವಿಲ್ಲ. ಅಡ್ವಾನ್ಸ್ ಪೆರೋಲ್, ಅಂದರೆ ಹೊರಗೆ ಹೋಗಿ ಬರುವ ಅನುಮತಿ, ಸಿಗುವ ಮೊದಲು ದೇಶ ಬಿಟ್ಟರೆ ಹಾಕಿದ ಅರ್ಜಿ ಬಿದ್ದುಹೋಗುತ್ತದೆ. ಅಲ್ಲಿ ಸ್ವಂತ ದುಡಿಮೆ ಇದ್ದ ಹೆಂಗಸು ಇಲ್ಲಿ ತಿಂಗಳುಗಟ್ಟಲೆ ಮನೆಯಲ್ಲಿ ಕೂರುವುದು ಸಣ್ಣ ಮಾತಲ್ಲ. ಡಲ್ಲಾಸ್‌ನಂಥ ಊರಲ್ಲಿ ಕಾರಿಲ್ಲದೆ ಹಾಲು ತರುವುದಕ್ಕೂ ಆಗಲ್ಲ, ಅಲ್ವಾ? ಖರ್ಚೂ ಜಾಸ್ತಿ. 2024ರ ಏಪ್ರಿಲ್ ದರಪಟ್ಟಿಯಲ್ಲಿ ಕೆ-1ಗೆ ಹಾಕುವ ಐ-129ಎಫ್ ಅರ್ಜಿಗೆ 675 ಡಾಲರ್, ಐ-485ಕ್ಕೆ 1,440. ವೀಸಾ ಫೀಸು 265 ಸೇರಿದರೆ ಒಬ್ಬರಿಗೆ ಸುಮಾರು 2,400 ಡಾಲರ್ ಆಗುತ್ತದೆ. ವರ್ಕ್ ಪರ್ಮಿಟ್, ಅಡ್ವಾನ್ಸ್ ಪೆರೋಲ್‌ಗಳ ಫೀಸು ಬೇರೆ. ಸಿಆರ್-1 ಅದೇ ಪಟ್ಟಿಯಲ್ಲಿ ಸುಮಾರು 1,300 ಡಾಲರ್‌ನಲ್ಲಿ ಮುಗಿಯುತ್ತಿತ್ತು. ಹಾಕುವ ದಿನ ದರ ಇನ್ನೊಮ್ಮೆ ನೋಡಿಕೊಳ್ಳಿ.

ಇಷ್ಟೆಲ್ಲ ಇದ್ದೂ ನಿಮಗೆ ಮಾತ್ರ ಕೆ-1 ಅಂತ ಹೇಳುವವನಿದ್ದೇನೆ. ಎರಡು ಕಾರಣ.

ಒಂದು, 2026ರ ಜನವರಿಯ ಆದೇಶ. ಜನವರಿ 21ರಿಂದ ಅಮೆರಿಕದ ವಿದೇಶಾಂಗ ಇಲಾಖೆ 75 ದೇಶಗಳ ಪ್ರಜೆಗಳಿಗೆ ಇಮಿಗ್ರಂಟ್ ವೀಸಾ, ಅಂದರೆ ಕಾಯಂ ಆಗಿ ನೆಲೆಸಲು ಬರುವವರ ವೀಸಾ, ಕೊಡುವುದನ್ನು ತಡೆಹಿಡಿಯಿತು. ಬಂದವರು ಸರ್ಕಾರದ ನೆರವಿನ ಮೇಲೆ ಬದುಕುವ ಹಾಗಾಗಬಾರದು ಅನ್ನುವುದು ಕೊಟ್ಟ ಕಾರಣ. ಆ ಪಟ್ಟಿಯಲ್ಲಿ ಥಾಯ್ಲೆಂಡ್ ಕೂಡ ಇದೆ. ಸಿಆರ್-1 ಇಮಿಗ್ರಂಟ್ ವೀಸಾ. ಅರ್ಜಿ ಹಾಕಬಹುದು, ಇಂಟರ್‌ವ್ಯೂ ಕೂಡ ನಡೆಯಬಹುದು, ವೀಸಾ ಮಾತ್ರ ಕೈಗೆ ಬರಲ್ಲ. ಕೆ-1 ಲೆಕ್ಕದಲ್ಲಿ ನಾನ್-ಇಮಿಗ್ರಂಟ್ ವೀಸಾ, ಹಾಗಾಗಿ ಈ ಆದೇಶದ ಹೊರಗೆ ಉಳಿಯುತ್ತದೆ. ಅರ್ಜಿ ಹಾಕುವ ಮುಂಚೆ ದೂತಾವಾಸದ ಸೈಟ್ ನೋಡಿ. ತಡೆ ತೆಗೆದಿದ್ದರೆ ನನ್ನ ಲೆಕ್ಕ ತಿರುಗುತ್ತದೆ, ಆಗ ಮಗಳಿಗೆ 18 ತುಂಬುವ ಮೊದಲೇ ಮದುವೆಯಾಗಿ.

ಆ 18ರ ಮಾತೇ ಎರಡನೇ ಕಾರಣ. ಮದುವೆಯಾಗಿ ಕರೆತರುವಾಗ ಮಗಳು ನಿಮ್ಮ ಮಲಮಗಳಾಗಿ ಬರಬೇಕು. ಅದಕ್ಕೆ ಅವಳಿಗೆ 18 ಆಗುವ ಮೊದಲೇ ನಿಮ್ಮ ಮದುವೆ ಆಗಿರಬೇಕು. ಒಂದು ದಿನ ತಡವಾದರೂ ಆ ಸಂಬಂಧ ಲೆಕ್ಕಕ್ಕಿಲ್ಲ. ಅಮ್ಮನ ಅರ್ಜಿಯ ಜೊತೆ ಮಗಳು ತಾನಾಗಿ ಬರುವುದೂ ಇಲ್ಲ, ಅವಳಿಗೆ ಬೇರೆಯೇ ಐ-130 ಹಾಕಬೇಕು. ಕೆ-1ನಲ್ಲಿ ಹಾಗಲ್ಲ. ಐ-129ಎಫ್‌ನಲ್ಲಿ ಅವಳ ಹೆಸರು ಬರೆದರೆ ಕೆ-2 ವೀಸಾ ಸಿಗುತ್ತದೆ. ಮದುವೆಯಾಗಿರದೆ 21ರೊಳಗಿದ್ದರೆ ಸಾಕು. ಇಲ್ಲಿಗೆ ಬಂದ ಮೇಲೆ, ನೀವಿಬ್ಬರೂ 90 ದಿನದೊಳಗೆ ಮದುವೆಯಾದರೆ, ಅವಳೂ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು. ಹದಿನೇಳು ದಾಟುತ್ತಿರುವ ಮಗಳಿಗೆ ಇದು ದೊಡ್ಡ ಉಪಕಾರ.

ಮುಂದಿನ ತಿಂಗಳ ರಿಜಿಸ್ಟ್ರೇಶನ್‌ಗೆ ಇನ್ನೊಂದು ಅಡ್ಡಿ ಇದೆ. ಥಾಯ್ ಕಾನೂನಿನಲ್ಲಿ ಡೈವೋರ್ಸ್ ಆದ ಹೆಂಗಸು 310 ದಿನ ಕಳೆಯದೆ ಮತ್ತೆ ಮದುವೆಯಾಗುವ ಹಾಗಿಲ್ಲ. ಹುಟ್ಟುವ ಮಗು ಯಾರದು ಅನ್ನುವ ಗೊಂದಲ ಬೇಡ ಅಂತ ಮಾಡಿದ ಹಳೆಯ ನಿಯಮ. ಬಸಿರಿಲ್ಲ ಅಂತ ವೈದ್ಯರ ಸರ್ಟಿಫಿಕೇಟ್ ತಂದರೆ ವಿನಾಯಿತಿ ಇದೆ. ಗಂಡಸಿಗೆ ಯಾವ ಕಾಯುವಿಕೆಯೂ ಇಲ್ಲ. ಕೆ-1ಗೆ ಡೈವೋರ್ಸ್ ಪೂರ್ತಿ ಮುಗಿದಿದ್ದರೆ ಸಾಕು, ಏಕೆಂದರೆ ಮದುವೆ ನಡೆಯುವುದು ಟೆಕ್ಸಾಸ್‌ನಲ್ಲಿ.

ಕೆ-1 ಅಂತ ತೀರ್ಮಾನಿಸಿದರೆ ಶಾಸ್ತ್ರದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಥಾಯ್ಲೆಂಡಿನಲ್ಲಿ ಭಿಕ್ಷುಗಳನ್ನು ಕರೆಸಿ, ಹೆಣ್ಣಿನ ಮನೆಗೆ ಸಿನ್ ಸೋತ್ ಅನ್ನುವ ವಧುದಕ್ಷಿಣೆ ಕೊಟ್ಟು, ಊರಿಗೆಲ್ಲ ಊಟ ಹಾಕಿದರೂ ಅಂಫೋದಲ್ಲಿ ದಾಖಲಾಗದೆ ಅದು ಕಾನೂನಿನ ಮದುವೆಯಲ್ಲ. ಆದರೆ ವೀಸಾ ಅಧಿಕಾರಿ ಫೋಟೋ ನೋಡಿ "ನಿಮಗೆ ಮದುವೆ ಆಗಿಹೋಗಿದೆಯಲ್ಲ" ಅಂದರೆ ಬಿಡಿಸಿ ಹೇಳುವುದು ಕಷ್ಟ. ಮೈಸೂರಿನಲ್ಲಿ ಅಪ್ಪ ಅಮ್ಮ "ಸುಮ್ನೆ ಚಿಕ್ಕದಾಗಿ ಧಾರೆ ಮುಗಿಸೋಣ" ಅಂದರಂತೂ ಕೈ ಮುಗಿದು ಬೇಡ ಅನ್ನಿ. ನಮ್ಮಲ್ಲಿ ಶಾಸ್ತ್ರ ಪ್ರಕಾರ ನಡೆದ ಮದುವೆ ರಿಜಿಸ್ಟರ್ ಆಗದಿದ್ದರೂ ಮದುವೆಯೇ, ಹಿಂದೂ ವಿವಾಹ ಕಾಯ್ದೆಯಲ್ಲಿ ಬೌದ್ಧರೂ ಸೇರುತ್ತಾರೆ. ನಿಶ್ಚಿತಾರ್ಥ ಮಾಡಿಕೊಳ್ಳಿ, ಉಂಗುರ ಹಾಕಿ, ಅದು ಒಳ್ಳೆಯ ಸಾಕ್ಷಿಯೂ ಹೌದು. ತಾಳಿ, ಧಾರೆ ಆಮೇಲೆ.

ಟೂರಿಸ್ಟ್ ವೀಸಾದಲ್ಲಿ ಕರೆಸಿ ಇಲ್ಲೇ ಮದುವೆಯಾಗಿ ಉಳಿದುಬಿಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಂದು ಮದುವೆಯಾಗಿ ವಾಪಸ್ ಹೋಗುವುದು ತಪ್ಪಲ್ಲ. ಉಳಿಯುವ ಉದ್ದೇಶ ಇಟ್ಟುಕೊಂಡು "ಸುತ್ತಾಡೋಕೆ ಬಂದೆ" ಅನ್ನುವುದು ವಂಚನೆ, ಸಿಕ್ಕಿಬಿದ್ದರೆ ಜೀವಮಾನದ ಅಡ್ಡಿ. ಅದು ಬೇಡ.

ಇದನ್ನು ಓದುತ್ತಿರುವ ಎಚ್-1ಬಿ ಕೆಲಸದ ವೀಸಾದವರಿಗೂ ಒಂದು ಮಾತು. ಕೆ-1 ಸಿಟಿಜನ್‌ಗಳಿಗೆ ಮಾತ್ರ, ನಿಮಗಲ್ಲ. ಆದರೆ ನಿಮಗೆ ಇನ್ನೊಂದು ಅದೃಷ್ಟ ಇದೆ. ಮದುವೆಯಾದರೆ ಸಂಗಾತಿ ಎಚ್-4 ಅನ್ನುವ ಅವಲಂಬಿತರ ವೀಸಾದಲ್ಲಿ ಬರಬಹುದು. ಇಬಿ-2, ಇಬಿ-3 ಅನ್ನುವ, ಕೆಲಸದ ಮೇಲೆ ಸಿಗುವ ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತದಲ್ಲಿ ಹುಟ್ಟಿದವರು ವರ್ಷಗಟ್ಟಲೆ ಕಾಯುತ್ತಿದ್ದೀರಲ್ಲ, ಥಾಯ್ಲೆಂಡಿನಲ್ಲಿ ಹುಟ್ಟಿದ ಸಂಗಾತಿಯ ದೇಶದ ಲೆಕ್ಕದಲ್ಲಿ ಇಬ್ಬರೂ ಒಟ್ಟಿಗೆ ಗ್ರೀನ್ ಕಾರ್ಡ್‌ಗೆ ಹಾಕಬಹುದು. ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ಈ ವಿಷಯ ಗೊತ್ತಿಲ್ಲದೆ ಸಾಲಿನಲ್ಲೇ ನಿಂತವರನ್ನು ನೋಡಿದ್ದೇನೆ. ನಿಮ್ಮ ವಕೀಲರನ್ನು ನೇರವಾಗಿ ಇದನ್ನೇ ಕೇಳಿ. ಇನ್ನು ಸಂಗಾತಿ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಆಗಿದ್ದರೆ, 2025ರ ಜನವರಿ 23ರಿಂದ ಥಾಯ್ಲೆಂಡಿನಲ್ಲೇ ಮದುವೆ ದಾಖಲಿಸಬಹುದು. ಅದಕ್ಕೂ ಮುಂಚೆ ಅಂಥ ಜೋಡಿಗಳು ಹೆಚ್ಚಾಗಿ ಕೆ-1 ಹಿಡಿಯುತ್ತಿದ್ದದ್ದು ಅಲ್ಲಿ ಮದುವೆಗೆ ದಾರಿಯೇ ಇಲ್ಲದ್ದಕ್ಕೆ.

ಈಗ ನಿಮ್ಮ ಪ್ರಯಾಣದ ವಿಷಯ. ಟಿಕೆಟ್ ರದ್ದು ಮಾಡಬೇಡಿ, ಹೋಗಿ. ಅರ್ಜಿ ಹಾಕುವ ಮುಂಚಿನ ಎರಡು ವರ್ಷದೊಳಗೆ ನೀವಿಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು ಅನ್ನುವುದು ಕೆ-1ನ ಷರತ್ತು. ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್, ಪಾಸ್‌ಪೋರ್ಟ್ ಸೀಲು, ಅವರ ಮನೆಯವರ ಜೊತೆಗಿನ ಫೋಟೋ ಎಲ್ಲ ಎತ್ತಿಡಿ. ಥಾಯ್ ಜನ ಮಾತಾಡುವುದೆಲ್ಲ ಲೈನ್ ಆ್ಯಪ್‌ನಲ್ಲಿ. ಫೋನ್ ಬದಲಿಸಿದರೆ ಹಳೆಯ ಚಾಟ್ ಹೋಗಿಬಿಡಬಹುದು, ಈಗಲೇ ಬ್ಯಾಕಪ್ ಮಾಡಿಸಿ.

ಅವರ ಕಡೆಯ ಕಾಗದಗಳಲ್ಲಿ ಜಾಸ್ತಿ ತೊಡಕಾಗುವುದು ಹೆಸರು. ಥಾಯ್ಲೆಂಡಿನಲ್ಲಿ ಹೆಸರು ಬದಲಿಸಿಕೊಳ್ಳುವುದು ತೀರ ಮಾಮೂಲು, ಡೈವೋರ್ಸ್ ಆದಾಗ ಮನೆತನದ ಹೆಸರೂ ಬದಲಾಗಿರಬಹುದು. ಒಂದೊಂದು ಬದಲಾವಣೆಗೂ ಅಂಫೋದ ಸರ್ಟಿಫಿಕೇಟ್, ಇಂಗ್ಲಿಷ್ ಅನುವಾದ ಬೇಕು. ಡೈವೋರ್ಸ್ ಸರ್ಟಿಫಿಕೇಟ್, ತಬಿಯನ್ ಬಾನ್ ಅನ್ನುವ ಮನೆ ದಾಖಲೆ, ಅಮ್ಮ ಮಗಳಿಬ್ಬರ ಜನನ ಪತ್ರವನ್ನೂ ಈ ಸಲವೇ ತೆಗೆಸಿ. ಮಗಳ ವಿಷಯದಲ್ಲಿ ಅಪ್ಪನ ಒಪ್ಪಿಗೆ ಬೇಕಾಗುತ್ತದಾ ಅಂತ ಡೈವೋರ್ಸ್ ಕಾಗದದ ಹಿಂದಿನ ಟಿಪ್ಪಣಿ ಓದಿಸಿ ನೋಡಿ. ಮಗು ಯಾರ ಪಾಲಿಗೆ ಅನ್ನುವ ಒಪ್ಪಂದವನ್ನು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತಾರೆ. ಪಾಲನೆ ಅಮ್ಮನಿಗೆ ಮಾತ್ರ ಅಂತ ಅದರಲ್ಲಿ ಇಲ್ಲದಿದ್ದರೆ, ಆ ಅಪ್ಪನ ಸಹಿ ಹಾಕಿಸುವುದೇ ನಿಮ್ಮ ಮೊದಲ ಕೆಲಸ.