ಬಡ್ತಿ ಸಿಕ್ಕ ದಿನದ ಪುಟ

"ದೇವರು ನನ್ನ ಕೈಬಿಟ್ಟಿದ್ದಾನೆ." ಆಪ್ತಸಲಹೆಗೆ ಬರುವ ವಿಶ್ವಾಸಿಗಳಲ್ಲಿ ಎಷ್ಟೋ ಮಂದಿ ಮೊದಲು ಆಡುವ ಮಾತು ಇದೇ. ಅದಕ್ಕಾಗಿಯೇ ಈ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಬರೆಯುತ್ತಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಒಂದೇ ವರ್ಷದಲ್ಲಿ ತಂದೆ ತೀರಿಕೊಂಡಿದ್ದರು, ಕೆಲಸವೂ ಹೋಗಿತ್ತು. ನಿದ್ರೆ ಕೆಟ್ಟಿತ್ತು, ಪ್ರಾರ್ಥನೆ ನಿಂತಿತ್ತು. ಮೊದಲ ಭೇಟಿಗಳು ಅಳುವಿನಲ್ಲೇ ಕಳೆದವು.

ಒಂದು ದಿನ ಪ್ರಾರ್ಥನೆಯ ಡೈರಿ ತಂದರು. ಈಡೇರಿದ ಬಿನ್ನಹಗಳಿಗೆ ಹಸಿರು ಗುರುತು, ಈಡೇರದವಕ್ಕೆ ಕೆಂಪು. ಬಡ್ತಿ ಸಿಕ್ಕ ದಿನದ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ, "ದೇವರು ನನ್ನನ್ನು ಎಷ್ಟು ಪ್ರೀತಿಸುತ್ತಾನೆ!" ಕೊನೆಯ ಪುಟಗಳಲ್ಲಿ ಕೆಂಪು ಗೆರೆಗಳನ್ನು ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದರು.

"ನೋಡಿ ಮೇಡಂ, ಪ್ರೀತಿ ಎಲ್ಲಿ ಮುಗಿಯಿತೆಂದು ಇಲ್ಲೇ ಕಾಣುತ್ತದೆ."

ನಾನು ಹಿಂದಕ್ಕೆ, ಬಡ್ತಿಯ ಪುಟಕ್ಕೆ ತಿರುಗಿಸಿದೆ. "ಆ ದಿನ ಬಡ್ತಿ ನಿಮ್ಮ ಸಹೋದ್ಯೋಗಿಗೆ ಸಿಕ್ಕಿದ್ದರೆ ಇಲ್ಲಿ ಏನು ಬರೆಯುತ್ತಿದ್ದಿರಿ?"

ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ, "ಹಾಗಾದರೆ ನಾನು ಆಗಲೂ ನಂಬಿದ್ದು ಬಡ್ತಿಯನ್ನೇ" ಎಂದರು.

ಅದೇ ಮಾತನ್ನು ನಾನು ಆಡಿದ್ದರೆ ಆರೋಪವಾಗುತ್ತಿತ್ತು. ಕಷ್ಟಕಾಲದ ಸಂಶಯಕ್ಕೆ ಬೀಜ ಬೀಳುವುದು ಸುಖದ ದಿನಗಳಲ್ಲಿ, ಬಂದ ಭಾಗ್ಯವನ್ನೆಲ್ಲ ದೇವರ ಪ್ರೀತಿಯ ಅಳತೆಗೋಲಾಗಿ ಹಿಡಿದಾಗ. ಇದು ನನ್ನ ದೃಢವಾದ ನಂಬಿಕೆ.

ಬಣ್ಣದ ಗುರುತುಗಳನ್ನು ನಿಲ್ಲಿಸಲು ಹೇಳಿದೆ. ದಿನಕ್ಕೊಮ್ಮೆ ಬೈಬಲಿನ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ತಮ್ಮ ದೂರನ್ನೂ ಅಷ್ಟೇ ನೇರವಾಗಿ ದೇವರಿಗೆ ಬರೆಯಬೇಕು. ಇರುವುದೇ 6 ವಚನ. ಮೊದಲ ಎರಡರಲ್ಲೇ "ಎಷ್ಟರವರೆಗೆ" ಎಂಬ ಅಳಲು 4 ಬಾರಿ ಬರುತ್ತದೆ. ನಿದ್ರೆಯ ವಿಷಯಕ್ಕೆ ವೈದ್ಯರ ಬಳಿ ಕಳುಹಿಸಿದೆ. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆಯಾಯಿತು ಎನ್ನುವವರ ಮಾತಿಗೆ ಕಿವಿಗೊಡಬಾರದು.

"ದೇವರ ಮೇಲೆ ದೂರು ಹೇಳಲು ಕಲಿಸುತ್ತೀರಾ?" ಎಂದು ಮನೆಯ ಹಿರಿಯರೊಬ್ಬರು ಕೇಳಿದರು. ದೇವರ ಮುಂದೆಯೇ ಹೇಳಲು ಕಲಿಸುತ್ತೇನೆ. ಕೇಳಿಸಿಕೊಳ್ಳುವವನಿದ್ದಾನೆ ಎಂಬ ಭರವಸೆ ಎಳ್ಳಷ್ಟೂ ಇಲ್ಲದವರು ದೂರು ಹೇಳುವ ಗೋಜಿಗೇ ಹೋಗುವುದಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಕೊನೆಗೊಳ್ಳುತ್ತದೆ. ಆದರೂ ಅದು ಪ್ರಾರ್ಥನೆಯೇ. 136ನೇ ಕೀರ್ತನೆಯ 26 ವಚನಗಳಿಗೂ ದೇವರ ಕೃಪೆ ಶಾಶ್ವತವೆಂಬ ಒಂದೇ ಪಲ್ಲವಿ. ಇಸ್ರಾಯೇಲರು ದಾಟಲೆಂದು ಸಮುದ್ರ ಇಬ್ಭಾಗವಾದದ್ದಕ್ಕೂ ಅದೇ, ಆಮೇಲೆ ಅವರು ಅಡವಿಯಲ್ಲಿ ನಡೆದದ್ದಕ್ಕೂ ಅದೇ. ಅಡವಿಗೆ ಬಂದಾಗ ಪಲ್ಲವಿ ಬದಲಾಗಲಿಲ್ಲ ಎಂಬುದನ್ನು ಆ ಹಿರಿಯರಿಗೂ ತೋರಿಸಿದೆ.

ಮನೆಯವರಲ್ಲಿ ಕೇಳಿಕೊಂಡದ್ದು ಇಷ್ಟೇ: "ಆಗುವುದೆಲ್ಲ ಒಳ್ಳೆಯದಕ್ಕೇ" ಎಂದು ಅವಸರದಲ್ಲಿ ಹೇಳಬೇಡಿ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಗೆಳೆಯರು 7 ದಿನ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅಷ್ಟು ದಿನ ಅವರು ನಿಜವಾದ ಗೆಳೆಯರಾಗಿದ್ದರು. ಕಾರಣ ವಿವರಿಸಲು ಹೊರಟಾಗ ಅವನ ಗಾಯ ಕೆದಕಿದರು.

ಆಕೆಗೆ ಇನ್ನೂ ಕೆಲಸ ಸಿಕ್ಕಿಲ್ಲ. ನಿದ್ರೆ ಸುಧಾರಿಸಿದೆ. ಪ್ರಾರ್ಥನೆ ಮತ್ತೆ ಆರಂಭವಾಗಿದೆ, ಹೆಚ್ಚಿನ ದಿನ ಜಗಳದಿಂದಲೇ. ಭೇಟಿಗಳು ಮುಂದುವರಿದಿವೆ.