ಮೊಟ್ಟೆಗೂ ಬಲ್ಬಿಗೂ ಏನು ನಂಟು?

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಹಿತ್ತಲಿನ ಕೋಳಿಗಳು ಮೊಟ್ಟೆ ಕಡಿಮೆ ಮಾಡುತ್ತವೆ. ಗೂಡಿಗೆ ಬಲ್ಬ್ ಹಾಕಿ ಅನ್ನುತ್ತಾರೆ ಪಕ್ಕದ ಮನೆಯವರು. ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ನಾನೂ ಮೊದಲು ಸುಮ್ನೆ ಚಳಿಯನ್ನೇ ಬೈಯುತ್ತಿದ್ದೆ. ಕೋಳಿ ಎಣಿಸುವುದು ಹಗಲಿನ ಉದ್ದವನ್ನು, ಅದೂ ಬರೀ ಕಣ್ಣಿನಿಂದಲ್ಲ. ಹಕ್ಕಿಗಳ ಮೆದುಳಿನ ಒಳಗೇ ಬೆಳಕು ಗುರುತಿಸುವ ಕೋಶಗಳಿವೆ. ತಲೆಬುರುಡೆ ತೆಳು, ಬೆಳಕು ತೂರಿಕೊಂಡು ಹೋಗುತ್ತದೆ! ಹಗಲು ಉದ್ದವಾದರೆ ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಡುತ್ತದೆ. ಅದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು.

ಗಾಡಿ ಅಂದಮೇಲೆ ಬ್ರೇಕೂ ಬೇಕು, ಅಲ್ವಾ? ಮೊಟ್ಟೆಗೆ ತಡೆ ಹಾಕುವ ಆ ಬ್ರೇಕನ್ನು 2000ದಲ್ಲಿ ಜಪಾನಿನ ಕಜುಯೋಶಿ ತ್ಸುತ್ಸುಯಿ ತಂಡ ಕ್ವೇಲ್ ಹಕ್ಕಿಯ ಮೆದುಳಿನಲ್ಲಿ ಪತ್ತೆ ಮಾಡಿತು. ಅದೂ ಒಂದು ಹಾರ್ಮೋನು, ಹೆಸರು ಜಿಎನ್‌ಐಎಚ್. ಕತ್ತಲಲ್ಲಿ ಏರುವ ಮೆಲಟೋನಿನ್ ಎಂಬ ಹಾರ್ಮೋನು ಈ ಬ್ರೇಕನ್ನು ಒತ್ತುತ್ತದೆ. ರಾತ್ರಿ ಉದ್ದವಾದಷ್ಟೂ ಒತ್ತಡ ಜಾಸ್ತಿ.

ಬಿಸಿಲೂ ಬಲ್ಬೂ ಸೇರಿ ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಾಕು. ನಾನು ಬೆಳಗಿನ ಜಾವ 4ಕ್ಕೇ ಹಾಕುತ್ತೇನೆ. ಸಂಜೆ ಹಾಕಿ ಫಕ್ಕನೆ ಆರಿಸಿದರೆ ಪಾಪ, ಕೋಳಿಗಳಿಗೆ ಅಡ್ಡಗೋಲು ಕಾಣದೆ ನೆಲದಲ್ಲೇ ತಡಕಾಡುತ್ತವೆ. ಕಾವಿಗೆ ಕೂತ ಕೋಳಿಗೆ ಮಾತ್ರ ಬಲ್ಬ್ ನಾಟುವುದಿಲ್ಲ. ಅಲ್ಲಿ ಕಾವಿಗೆ ಕೂರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್‌ದೇ ಕಾರುಬಾರು.