ಪ್ರತಿಕ್ರಿಯೆ: ಹಿಸೋಕಾ ಕೈಯಲ್ಲಿ ಇಸ್ಪೀಟ್ ಎಲೆ ಯಾಕೆ?

'ಹಂಟರ್ ಎಕ್ಸ್ ಹಂಟರ್' ಅನ್ನುವ ಜಪಾನಿ ಕಥೆಯ ಖಳ ಹಿಸೋಕಾ ಇಸ್ಪೀಟ್ ಎಲೆ ಎಸೆಯುವುದು ಸುಮ್ನೆ ಸ್ಟೈಲ್‌ಗಾ, ಅರ್ಥ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಸ್ಟೈಲ್ ಇದೆ, ಅರ್ಥವೂ ಇದೆ ಅನಿಸುತ್ತದೆ ನನಗೆ.

ಕೆನ್ನೆಯ ಮೇಲಿನ ನಕ್ಷತ್ರ, ಕಣ್ಣೀರ ಹನಿ ಸರ್ಕಸ್ ಕೋಡಂಗಿಯ ಬಣ್ಣ, ಅದನ್ನು ಬಿಡಿ. ಮಜಾ ಇರುವುದು 1998ರಲ್ಲಿ ಶುರುವಾದ ಮೂಲ ಮಾಂಗಾದಲ್ಲಿ, ಅಂದರೆ ಜಪಾನಿ ಕಾಮಿಕ್ಸ್‌ನಲ್ಲಿ. ಅಲ್ಲಿ ಅವನ ಮಾತಿನ ಕೊನೆಗೆ ಇಸ್ಪೀಟು, ಕಳಾವರ್, ಆಟೀನು, ಡೈಮಂಡ್ ಗುರುತುಗಳು ಬರುತ್ತವೆ. ಮಾತೇ ಎಲೆ ಇಳಿಸಿದ ಹಾಗೆ! ಅದರ ಕಾರ್ಟೂನ್ ರೂಪವಾದ ಅನಿಮೆಯಲ್ಲಿ ಇದು ಕಿವಿಗೆ ಕೇಳಿಸುವುದಿಲ್ಲ, ಅದೇ ಬೇಜಾರು.

ಇನ್ನು ಅವನು ಜೋಕರ್ರಾ? ಜಪಾನಿನ ಮಕ್ಕಳು ಆಡುವ ಬಾಬಾನುಕಿ ಅನ್ನುವ ಇಸ್ಪೀಟ್ ಆಟದಲ್ಲಿ ಕೊನೆಗೆ ಜೋಕರ್ ಯಾರ ಕೈಯಲ್ಲಿ ಉಳಿಯುತ್ತದೋ ಅವರು ಸೋತರು. ದೈಫುಗೋ ಅನ್ನುವ ಇನ್ನೊಂದು ಇಸ್ಪೀಟ್ ಆಟದಲ್ಲಿ ಅದೇ ಜೋಕರ್ ಎಲ್ಲಕ್ಕಿಂತ ದೊಡ್ಡ ಎಲೆ. ಆದರೂ ಒಂಟಿ ಜೋಕರ್ ಬಿದ್ದರೆ ಇಸ್ಪೀಟ್ ಮೂರು ಅದನ್ನು ಹೊಡೆಯಬಹುದು ಅನ್ನುವ ನಿಯಮ ಎಷ್ಟೋ ಕಡೆ ಇದೆ. ಯಾರಿಗೂ ಬೇಡದವನು, ಆದರೆ ಎಲ್ಲರೂ ಹೆದರುವವನು. ಹಿಸೋಕಾ ಥೇಟ್ ಹಾಗೇ ಅಲ್ವಾ? ಪಕ್ಷ ಅನ್ನುವುದೇ ಅವನಿಗಿಲ್ಲ, ಬಲವಾದ ಎದುರಾಳಿ ಸಿಕ್ಕರೆ ಸಾಕು. ಕಥಾನಾಯಕ ಹುಡುಗ ಗಾನ್‌ನನ್ನು ಕೊಲ್ಲದೆ ಬಿಡುವುದೂ ಅದಕ್ಕೇ, ಬೆಳೆದ ಮೇಲೆ ಹೊಡೆದಾಡೋಣ ಅಂತ.